ಕೇಕಿಗೆ ತೊಡಿಸಿದ ಲೈಫ್ ಜಾಕೆಟ್

“ಕೇಕು ನನ್ನ ಜವಾಬ್ದಾರಿ! ಅದರೊಳಗಿನ ಒಂದೇ ಒಂದು ಒಣದ್ರಾಕ್ಷಿ ಅಲುಗಾಡಿದರೂ ನನ್ನನ್ನ ಲಯನೆಲ್ ಟನಿಕ್ಲಿಫ್ ಅಂತ ಕರೀಬೇಡ!”

ಲಯನೆಲ್ ಟನಿಕ್ಲಿಫ್ ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ ಅವನ ಹೆಂಡತಿ ಏವ್ರಿಲ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ಗಂಡನ ಒಂದೊಂದು ಘೋಷಣೆಗೂ ತಲೆ ಎತ್ತುತ್ತ ಕೂತಿದ್ದರೆ ಅವಳ ಕುತ್ತಿಗೆ ಎಂದೋ ಉಳುಕಿರುತ್ತಿತ್ತು.

“ನಾನು ನಿನ್ನನ್ನ ಏನೇನೋ ಅಂತ ಕರೀತಾನೇ ಇದ್ದೀನಿ. ಇನ್ನೊಂದು ಸೇರುತ್ತೆ, ಅಷ್ಟೇ,” ಎಂದಳು.

ವಿಷಯ ಇಷ್ಟು. ಅವರ ಒಬ್ಬಳೇ ಮಗಳು ರೋವೆನಾಳ ಮದುವೆ. ಊಟ, ಕುಣಿತ, ಕೇಕು ಕತ್ತರಿಸುವುದು ಎಲ್ಲ ಟೆಡ್ಸ್‌ಲೋ ಊರಿನ ಚರ್ಚ್ ಹಾಲಿನಲ್ಲಿ. ಟೆಡ್ಸ್‌ಲೋ ಇರುವುದು ಗುಡ್ಡದ ಬುಡದಲ್ಲಿ. ಟನಿಕ್ಲಿಫ್ ದಂಪತಿಗಳು ಇರುವುದು ಗುಡ್ಡದ ನೆತ್ತಿಯಲ್ಲಿ, ಕಾಲುವೆಯ ನೀರಿನ ಮೇಲೆ, ‘ಮೂರ್‌ಹೆನ್’ ಎಂಬ ದೋಣಿಯೊಳಗೆ. ನಿವೃತ್ತಿಯಾದ ಮೇಲೆ ಇದ್ದ ಮನೆ ಮಾರಿ ದೋಣಿ ಕೊಂಡು ಅದರಲ್ಲೇ ಬಾಳುವೆ ಮಾಡುವ ಹುಚ್ಚು ಇಂಗ್ಲೆಂಡಿನ ನಮ್ಮ ಶ್ರಾಪ್‌ಶೈರ್ ಸೀಮೆಯಲ್ಲಿ ಹಲವರಿಗೆ ಹತ್ತುತ್ತದೆ. ಲಯನೆಲ್‌ಗೂ ಹತ್ತಿತು. ಏವ್ರಿಲ್‌ಗೆ ಹತ್ತಲಿಲ್ಲ, ಆದರೆ ಅವನಿಗೆ ಹತ್ತಿದ್ದು ಇವಳ ಮೇಲೂ ಬಂದು ಬಿತ್ತು. ದೋಣಿಯ ಉದ್ದ ಕೇಳಿದರೆ ಒಂದೂವರೆ ಬಸ್ಸು, ಅಗಲ ಕೇಳಿದರೆ ಗಂಡಹೆಂಡಿರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕು. ಸರಿಯುತ್ತಿದ್ದವಳು ಯಾರು ಅಂತ ನಾನು ಹೇಳಬೇಕೇ?

ಇಂಥ ಇಕ್ಕಟ್ಟಿನಲ್ಲಿ ಆ ಹೆಂಗಸು ಮಗಳಿಗಾಗಿ ಮೂರು ಅಂತಸ್ತಿನ ಹಣ್ಣಿನ ಕೇಕು ಮಾಡಿದ್ದಳು. ಚಳಿಗಾಲದಲ್ಲೇ ಬೇಯಿಸಿ, ವಾರವಾರ ಬ್ರಾಂದಿ ಕುಡಿಸಿ, ಕೂಸು ಸಾಕಿದ ಹಾಗೆ ಸಾಕಿದ್ದಳು. ಮೇಲೆ ಬಾದಾಮಿಯ ಹೊದಿಕೆ, ಅದರ ಮೇಲೆ ಬಿಳಿ ಸಕ್ಕರೆಯ ಗಟ್ಟಿ ಕವಚ, ಅಂಚಿನಲ್ಲೆಲ್ಲ ಸಕ್ಕರೆಯ ಗುಲಾಬಿ. ನೋಡಿದರೆ ಕಣ್ಣು ತಂಪಾಗುವಂತಿತ್ತು. ಅದನ್ನು ಮದುವೆಯ ಹಿಂದಿನ ದಿನ ಟೆಡ್ಸ್‌ಲೋಗೆ ತಲುಪಿಸಬೇಕಿತ್ತು.

“ಥೆಲ್ಮಾ ಕಾರು ತರ್ತಾಳೆ. ಮಡಿಲಲ್ಲಿಟ್ಟುಕೊಂಡು ಹೋಗ್ತೀನಿ,” ಎಂದಳು ಏವ್ರಿಲ್. ಥೆಲ್ಮಾ ಅವಳ ತಂಗಿ.

“ಕಾರೇ? ಕಾರೇ!” ಲಯನೆಲ್ ಛಾವಣಿಗೆ ತಲೆ ತಗುಲಿಸಿಕೊಂಡು ಎದ್ದ. ಆ ದೋಣಿಯಲ್ಲಿ ಆವೇಶಕ್ಕೂ ಜಾಗವಿರಲಿಲ್ಲ. “ಆ ರಸ್ತೆ ನೋಡಿದ್ದೀಯಾ? ಗುಂಡಿ! ಉಬ್ಬು! ತಿರುವು! ನಿನ್ನ ತಂಗಿ ಬೇರೆ ಬ್ರೇಕ್ ಹಾಕೋದು ಗೋಡೆ ಕಂಡಮೇಲೆ! ದೋಣಿ ನೋಡು. ನಡೆಯೋ ಮನುಷ್ಯನಿಗಿಂತ ನಿಧಾನ. ಲೋಟದಲ್ಲಿನ ಚಹಾ ಅಲುಗಲ್ಲ. ಭೂಮಿ ಮೇಲೆ ಕೇಕಿಗೆ ಇದಕ್ಕಿಂತ ಸುರಕ್ಷಿತ ವಾಹನ ಹುಟ್ಟಿಲ್ಲ!”

ಸುರಕ್ಷಿತ! ಆ ಮಾತು ಅವನ ಬಾಯಿಗೆ ಬಂತೆಂದರೆ ಮುಗಿಯಿತು. ಲಯನೆಲ್ ತನ್ನ ಜೀವಮಾನವೆಲ್ಲ ಒಂದು ಬಿಸ್ಕತ್ತು ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದವನು. ಬಿಸ್ಕತ್ತು ಯಾರನ್ನೂ ಕಚ್ಚಿದ ದಾಖಲೆ ಇಲ್ಲ, ಆದರೂ ಅವನ ಕಾಲದಲ್ಲಿ ಹೆಲ್ಮೆಟ್ಟಿಲ್ಲದೆ ಅಲ್ಲಿ ಯಾರೂ ಒಂದು ಬಿಸ್ಕತ್ತು ಮುಟ್ಟುವ ಹಾಗಿರಲಿಲ್ಲ. ಈಗ ಬಿಸ್ಕತ್ತಿನ ಜಾಗದಲ್ಲಿ ಏವ್ರಿಲ್ ಇದ್ದಳು.

ಸುರಕ್ಷತೆಯ ಬೆನ್ನಿಗೇ ಶಬ್ದಗಳ ಕಾಟ. ಲಯನೆಲ್‌ನ ಪ್ರಕಾರ ದೋಣಿಯ ಮೇಲೆ ಆಗುವ ಅಪಘಾತಗಳೆಲ್ಲ ತಪ್ಪು ಶಬ್ದದಿಂದಲೇ ಆಗುವುದು. ಹಗ್ಗ ಅನ್ನಬಾರದು, ‘ಲೈನ್’. ಅಡುಗೆಮನೆ ಅನ್ನಬಾರದು, ‘ಗ್ಯಾಲಿ’. ಮುಂದೆ ಅನ್ನಬಾರದು, ‘ಬೋ’. ಹಿಂದೆ ಅಂತೂ ಕೂಡದೇ ಕೂಡದು, ‘ಸ್ಟರ್ನ್’. ಹಳಬರಾದ ಕಾಲುವೆಯವರೇ ಎಡ, ಬಲ, ಹಿಂದೆ, ಮುಂದೆ ಅಂದುಕೊಂಡು ಸುಖವಾಗಿದ್ದಾರೆ. ನಮ್ಮವನಿಗೆ ಮಾತ್ರ ಹಡಗಿನ ಭಾಷೆಯೇ ಬೇಕು. ಸರಿಯಾದ ಶಬ್ದ ಬರುವ ತನಕ ಅವನು ಓಗೊಡುತ್ತಿರಲಿಲ್ಲ. ಒಂದು ದಿನ ಏವ್ರಿಲ್, “ಅಡುಗೆಮನೇಲಿ ಏನೋ ಸುಟ್ಟ ವಾಸನೆ ಬರ್ತಿದೆ,” ಅಂದಳು. ಲಯನೆಲ್ ಗೋಡೆ ನೋಡುತ್ತ ಕೂತ. “ಗ್ಯಾಲಿಯಲ್ಲಿ,” ಅಂತ ಅವಳು ತಿದ್ದಿಕೊಳ್ಳುವ ಹೊತ್ತಿಗೆ ಬಾಣಲೆ ಇದ್ದಿಲಾಗಿತ್ತು.

ಹೊರಡುವ ಬೆಳಗ್ಗೆ ಏವ್ರಿಲ್ ಕೇಕಿನ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲಿಟ್ಟು, ಅಡಿಗೆ ಜಾರದ ಹಾಗೆ ರಬ್ಬರಿನ ಹಾಸು ಹಾಸಿ, ಅತ್ತಿತ್ತ ದಿಂಬು ಒತ್ತಿಟ್ಟಳು. ಅಷ್ಟೇ ಸಾಕಾಗಿತ್ತು. ಅಷ್ಟರಲ್ಲಿ ಲಯನೆಲ್ ತನ್ನ ಲೈಫ್ ಜಾಕೆಟ್ಟನ್ನು ಕೈಯಲ್ಲಿ ಹಿಡಿದು ಬಂದ. ಅದು ಹೊಸ ನಮೂನೆಯದು. ಸುಮ್ಮನಿದ್ದಾಗ ಕೊರಳಪಟ್ಟಿಯಷ್ಟು ತೆಳ್ಳಗೆ, ನೀರು ಸೋಕಿದರೆ ಒಳಗಿನ ಗುಳಿಗೆ ಕರಗಿ, ಗ್ಯಾಸು ನುಗ್ಗಿ, ಕಣ್ಣು ಮಿಟುಕಿಸುವುದರೊಳಗೆ ಎಮ್ಮೆಯಂತೆ ಉಬ್ಬುವುದು. ಅದನ್ನು ಪೆಟ್ಟಿಗೆಗೆ ಸುತ್ತಿ, ಪಟ್ಟಿಗಳನ್ನು ಎಳೆದೆಳೆದು ಬಿಗಿದು, ಕೊಂಡಿ ಹಾಕಿದ.

ಏವ್ರಿಲ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು.

“ಲಯನೆಲ್, ಅದು ಕೇಕು.”

“ದೋಣಿಯಲ್ಲಿರೋ ಪ್ರತಿಯೊಂದು ಜೀವಕ್ಕೂ ಜಾಕೆಟ್ ಕಡ್ಡಾಯ.”

“ಅದಕ್ಕೆ ಜೀವ ಇಲ್ಲ.”

“ನಾಳೆ ರೋವೆನಾ ಮುಖದಲ್ಲಿ ಜೀವ ಇರಬೇಕಾದ್ರೆ ಇದು ತಲುಪಬೇಕು. ಅಕಸ್ಮಾತ್ ದೋಣಿ ಮುಳುಗಿದ್ರೂ ಕೇಕು ತೇಲುತ್ತೆ!”

“ದೋಣಿ ಮುಳುಗಿದ್ರೆ ನಾವು ಸತ್ತು ಕೇಕು ಮದುವೆಗೆ ಹೋಗುತ್ತಾ? ಚೆನ್ನಾಗಿದೆ. ಹೋಗಲಿ, ನೀನೇನು ಹಾಕ್ಕೊಳ್ತೀಯಾ?”

“ನಾನು ಕ್ಯಾಪ್ಟನ್,” ಎಂದ ಲಯನೆಲ್. ಅದು ಉತ್ತರವೇ ಅಂತ ಅವನಿಗೆ ನಿಜವಾಗಿ ಅನ್ನಿಸಿತ್ತು.

ಏವ್ರಿಲ್ ತನ್ನ ಜಾಕೆಟ್ ಬಿಚ್ಚಿ ಅವನಿಗೆ ಕೊಡಹೋದಳು. ಅವನು ಅವಳ ಕೊಂಡಿಯನ್ನು ಮತ್ತೆ ಹಾಕಿ, ಬೆನ್ನು ತಟ್ಟಿದ. ಅವಳು ನಿಟ್ಟುಸಿರು ಬಿಟ್ಟು, “ಹೊರಡೋ ಮುಂಚೆ ಆ ಪಾತ್ರೆಗಳನ್ನಾದ್ರೂ ತೊಳೆದುಬಿಡು. ಇವತ್ತು ನಿನ್ನ ಸರದಿ,” ಎಂದಳು.

“ನೆನೆ ಹಾಕಿದ್ದೀನಿ.”

ಗಂಡಸರು ಪಾತ್ರೆ ನೆನೆ ಹಾಕುವುದೆಂದರೆ ಏನೆಂದು ಬಲ್ಲವರು ಬಲ್ಲರು. ಸೋಪಿನ ನೀರು ತುಂಬಿದ ಪ್ಲಾಸ್ಟಿಕ್ ಬೋಗುಣಿ, ಅದರೊಳಗೆ ಬೆಳಗಿನ ತಟ್ಟೆ ಲೋಟಗಳು, ಎಲ್ಲ ಸಮೇತ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಗುಡ್ಡ ಇಳಿಯುವ ಕಡೆ ಕಾಲುವೆಗೆ ಸಾಲಾಗಿ ಲಾಕುಗಳಿವೆ. ಲಾಕ್ ಅಂದರೆ ನೀರಿನ ಮೆಟ್ಟಿಲು. ಕಲ್ಲಿನ ಆಳವಾದ ತೊಟ್ಟಿ, ಆ ತುದಿಗೊಂದು ಬಾಗಿಲು, ಈ ತುದಿಗೊಂದು ಬಾಗಿಲು. ತುಂಬಿದ ತೊಟ್ಟಿಯೊಳಕ್ಕೆ ದೋಣಿ ಬಂದಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಬಾಗಿಲಿನ ತೂಬನ್ನು ಹಿಡಿಕೆ ಹಾಕಿ ತಿರುಗಿಸಿ ಎತ್ತಿದರೆ ನೀರು ಹರಿದು ಹೋಗಿ ದೋಣಿ ಮೆಲ್ಲಗೆ ಕೆಳಗಿಳಿಯುತ್ತದೆ. ಒಂದೇ ಒಂದು ಗಂಡಾಂತರ. ಹಿಂದಿನ ಬಾಗಿಲಿನ ಬುಡದಲ್ಲಿ ನೀರೊಳಗೆ ಕಲ್ಲಿನ ಹೊಸ್ತಿಲು ಚಾಚಿಕೊಂಡಿರುತ್ತದೆ. ತೊಟ್ಟಿ ತುಂಬಿದಾಗ ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ನೀರು ಇಳಿದರೂ ಹಿಂಭಾಗ ಇಳಿಯದು, ಮುಂಭಾಗ ಮಾತ್ರ ಇಳಿಯುತ್ತ ಹೋಗುತ್ತದೆ. ಆಮೇಲೆ ದೇವರೇ ಗತಿ. ಹೀಗಾಗಿ ಅಲ್ಲಿ ಗೋಡೆಯ ಮೇಲೊಂದು ಬಿಳಿ ಗೆರೆ ಬಳಿದಿರುತ್ತಾರೆ. ಆ ಗೆರೆಯಿಂದ ಮುಂದೆ ಇರಬೇಕು, ಅಷ್ಟೇ ನಿಯಮ. ಕಾಲುವೆಯ ಮೇಲೆ ಹುಟ್ಟಿದ ಬಾತುಕೋಳಿಗೂ ಗೊತ್ತಿರುವ ನಿಯಮ.

ಮೊದಲ ಕೆಲವು ಲಾಕು ಸಲೀಸಾಗಿ ಆದವು. ಲಯನೆಲ್ ಹಿಂದೆ ಚುಕ್ಕಾಣಿ ಹಿಡಿದು ನಿಂತಿದ್ದ, ಏವ್ರಿಲ್ ದಡದಲ್ಲಿ ನಡೆಯುತ್ತ ಬಾಗಿಲು ತೂಬುಗಳ ಕೆಲಸ ಮಾಡುತ್ತಿದ್ದಳು. ಭಾರದ ಕೆಲಸ ಅವಳಿಗೇ ಯಾಕೆ ಅಂತ ಕೇಳಬೇಡಿ, ಅವನು ಕ್ಯಾಪ್ಟನ್. ಪ್ರತಿ ಲಾಕು ದಾಟಿದಾಗಲೂ ಅವನು ಒಳಗೆ ಬಗ್ಗಿ ಕೇಕಿನ ಪೆಟ್ಟಿಗೆ ನೋಡಿ, “ಅಲುಗಿಲ್ಲ! ಒಂದು ದ್ರಾಕ್ಷಿಯೂ ಅಲುಗಿಲ್ಲ! ನಿನ್ನ ತಂಗಿಗೆ ಹೇಳು!” ಎಂದು ಕೂಗುತ್ತಿದ್ದ.

ಟೆಡ್ಸ್‌ಲೋ ಚರ್ಚಿನ ಗೋಪುರ ಕಾಣುವ ಲಾಕಿಗೆ ಬಂದರು. ಪಕ್ಕದಲ್ಲೇ ಪಬ್ಬು. ಬಿಸಿಲು ಬಿದ್ದಿತ್ತು. ಲಾಕಿನ ಸುತ್ತ ಜನ, ಕೈಯಲ್ಲಿ ಬಿಯರು, ಐಸ್‌ಕ್ರೀಮು. ಹೀಗೆ ದಡದಲ್ಲಿ ನಿಂತು ಬಿಟ್ಟಿ ತಮಾಷೆ ನೋಡುವವರಿಗೆ ಕಾಲುವೆಯವರು ‘ಗಾಂಗೂಜ್ಲರ್’ ಅನ್ನುತ್ತಾರೆ. ಅದೇನು ಶಬ್ದವೋ, ಎಲ್ಲಿಂದ ಬಂತೋ! ಅವರನ್ನು ಕಂಡರೆ ಉಳಿದ ದೋಣಿಯವರು ತಲೆ ತಗ್ಗಿಸಿಕೊಂಡು ತಮ್ಮ ಕೆಲಸ ನೋಡಿಕೊಂಡು ಹೋಗುತ್ತಾರೆ. ಲಯನೆಲ್‌ಗೆ ಮಾತ್ರ ಮೈಕು ಕಂಡ ಮಂತ್ರಿಯಂತೆ ಗಂಟಲು ಕೆರೆಯಿತು.

ಪುಟ್ಟ ನಾಯಿಯೊಂದನ್ನು ಕಂಕುಳಲ್ಲಿಟ್ಟುಕೊಂಡಿದ್ದ ಒಬ್ಬ ಹೆಂಗಸು, “ನೀವು ಜಾಕೆಟ್ ಹಾಕಿಲ್ವಲ್ಲ?” ಎಂದು ಕೇಳಿದ್ದೇ ನೆಪ.

“ಒಳ್ಳೇ ಪ್ರಶ್ನೆ ಮೇಡಂ! ನನ್ನ ಜಾಕೆಟ್ ಕೇಕಿಗೆ ಹಾಕಿದ್ದೀನಿ.”

“ಕೇಕಿಗಾ?”

“ನನ್ನ ಮಗಳ ಮದುವೆ ಕೇಕು. ಸುರಕ್ಷತೆ ಅಂದರೆ ಮುನ್ನೋಟ ಮೇಡಂ. ಈಗ ನೋಡಿ, ಇದು ನಿಮಗೆ ಬರೀ ಗೋಡೆ. ನನಗೆ?”

ಅತ್ತ ಮುಂದಿನ ಬಾಗಿಲ ಬಳಿ ಏವ್ರಿಲ್ ತೂಬು ಎತ್ತಿದಳು. ನೀರು ಭೋರ್ಗರೆಯುತ್ತ ಹೊರಗೆ ನುಗ್ಗಿತು. ದೋಣಿ ಇಳಿಯತೊಡಗಿತು. ಇತ್ತ ಉಪನ್ಯಾಸ ಏರತೊಡಗಿತು. ಇದು ಲೈನು, ಹಗ್ಗ ಅನ್ನಬೇಡಿ. ಇದು ಸ್ಟರ್ನು. ಅಲ್ಲಿ ನನ್ನ ಹೆಂಡತಿ ಕೈಯಲ್ಲಿರುವುದು ಹಿಡಿಕೆ ಅಲ್ಲ, ವಿಂಡ್ಲಾಸು. ಜನ ಹತ್ತಿರ ಬಂದರು. ಯಾರೋ ಫೋನು ತೆಗೆದು ವಿಡಿಯೋ ಹಿಡಿಯತೊಡಗಿದರು. ಇನ್ನು ಕೇಳಬೇಕೇ! ಲಯನೆಲ್ ಮೈ ತಿರುಗಿಸಿ, ಕೈ ಪೂರ್ತಿ ಚಾಚಿ, ಗೋಡೆಯ ಮೇಲಿನ ಬಿಳಿ ಗೆರೆಯನ್ನು ತೋರಿಸಿದ. ಹಾಗೆ ತಿರುಗುವಾಗ ಅವನ ಮೊಣಕೈ ಇಂಜಿನ್ನಿನ ಗೇರಿಗೆ ತಾಗಿ ಅದು ಹಿಂದಕ್ಕೆ ಬಿತ್ತು, ದೋಣಿ ಮೆಲ್ಲಗೆ ಹಿಂದೆ ಸರಿಯತೊಡಗಿತು.

“ಇದೇ ನೋಡಿ ಯಮನ ಗೆರೆ! ಇದರ ಹಿಂದೆ, ನೀರೊಳಗೆ, ಹೊಸ್ತಿಲು ಇದೆ. ಎಷ್ಟೋ ಜನ ತಿಳಿಗೇಡಿಗಳು ಅಜಾಗರೂಕತೆಯಿಂದ…”

ದೂರದಿಂದ ಏವ್ರಿಲ್ ಕೂಗಿದಳು: “ಲಯನೆಲ್! ಹಿಂದೆ! ಹಿಂದೆ!”

ಲಯನೆಲ್ ಸಭಿಕರ ಕಡೆಗೆ ಕಣ್ಣು ಮಿಟುಕಿಸಿದ. “ನೋಡಿದ್ರಾ? ಎಷ್ಟು ಹೇಳಿಕೊಟ್ರೂ ‘ಹಿಂದೆ’ ಅಂತಾಳೆ. ಸ್ಟರ್ನ್ ಅನ್ನು ಪುಟ್ಟಾ! ಸ್ಟರ್ನ್!”

“ಹಿಂದೆ ನೋಡೋ ದರಿದ್ರದವನೇ!”

“ಆ ಹೊಸ್ತಿಲಿಗೆ ತಾಗಿದರೆ ಏನಾಗುತ್ತೆ?” ಎಂದು ಕೇಳಿದಳು ನಾಯಿಯ ಹೆಂಗಸು.

ಕೆಳಗೆ ಗರ್‌ರ್ ಎಂದು ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದಾಯಿತು. ಲಯನೆಲ್‌ನ ಕಾಲಡಿಯ ಹಲಗೆ ನಿಂತಲ್ಲೇ ನಿಂತಿತು. ಅವನ ಮುಂದೆ, ಅಷ್ಟುದ್ದದ ದೋಣಿ, ದೊಡ್ಡವರಿಗೆ ನಮಸ್ಕಾರ ಮಾಡುವಂತೆ, ಮೆಲ್ಲಮೆಲ್ಲಗೆ ಮೂಗು ತಗ್ಗಿಸತೊಡಗಿತು.

“ಓ, ಹೀಗಾ?” ಎಂದಳು ಆ ಹೆಂಗಸು.

ಅಯ್ಯೋ! ಆ ಕ್ಷಣದಲ್ಲಿ ಲಯನೆಲ್ ಮಾಡಬೇಕಾಗಿದ್ದುದು ಒಂದೇ: “ತೂಬು ಮುಚ್ಚು!” ಎಂದು ಬೊಬ್ಬೆ ಹೊಡೆಯುವುದು. ಬಿಸ್ಕತ್ತು ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ ಏನು ಕೂಗಬೇಕೆಂದು ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ ನೇತುಹಾಕಿದ್ದ ಪುಣ್ಯಾತ್ಮ ಅವನು. ಈಗ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ತೂಬಿಗೆ ಕಾಲುವೆ ಭಾಷೆಯಲ್ಲಿ ಏನನ್ನುತ್ತಾರೆಂಬುದೇ ಮರೆತುಹೋಗಿತ್ತು! ಅಷ್ಟರಲ್ಲಿ ಒಳಗಿನಿಂದ ದಡಬಡ ಸದ್ದು. ಕುರ್ಚಿ ಜಾರಿತು. ಪುಸ್ತಕದ ಕಪಾಟು ಉರುಳಿತು. ಲಯನೆಲ್‌ಗೆ ಒಂದೇ ಮಾತು ಹೊಳೆಯಿತು.

“ಕೇಕು!”

“ಒಳಗೆ ಹೋಗ್ಬೇಡ!” ಏವ್ರಿಲ್ ಕಿರುಚಿದಳು. ಅಂಥ ದನಿ ಅವಳ ಗಂಟಲಲ್ಲಿತ್ತೆಂದು ಅವನಿಗೆ ಈ ತನಕ ಗೊತ್ತಿರಲಿಲ್ಲ. “ಲಯನೆಲ್! ಒಳಗೆ ಹೋಗ್ಬೇಡ! ಅದು ಯಾವಾಗ ಬೇಕಾದ್ರೂ ಜಾರುತ್ತೆ! ಹೊರಗೆ ಹತ್ತು! ಏಣಿ ಹಿಡ್ಕೋ!”

ಲಯನೆಲ್ ಒಳಗೆ ಹೋದ.

ಏವ್ರಿಲ್ ತೂಬಿನ ಕೊಕ್ಕೆ ಬಿಡಿಸಿ ಧಡ್ ಎಂದು ಕೆಳಗೆ ಬಿಟ್ಟಳು. ಬಾಗಿಲು ತಳ್ಳುವ ಮರದ ತೊಲೆ ಹಾರಿ ಬಾಗಿಲ ಮೇಲೆ ಓಡಿ ಆಚೆ ಬದಿಯ ತೂಬನ್ನೂ ಬಿಟ್ಟಳು. ನೀರಿನ ಭೋರ್ಗರೆತ ನಿಂತಿತು. ಸ್ಕರ್ಟು ಎತ್ತಿ ಕಟ್ಟಿಕೊಂಡು ಹಿಂದಿನ ಬಾಗಿಲಿಗೆ ಓಡಿ, ಅಲ್ಲಿನ ತೂಬನ್ನು ಒಂದೊಂದೇ ಹಲ್ಲು ತಿರುಗಿಸುತ್ತ ಮೆಲ್ಲಗೆ ತೊಟ್ಟಿಗೆ ನೀರು ಬಿಟ್ಟಳು. ಗಾಂಗೂಜ್ಲರುಗಳು ಬಿಯರು ಕುಡಿಯುವುದನ್ನೂ ಮರೆತು ನೋಡಿದರು. ಒಂದು ಶಬ್ದವೂ ಗೊತ್ತಿಲ್ಲದ ಹೆಂಗಸು ಒಂದು ಕೆಲಸವನ್ನೂ ತಪ್ಪು ಮಾಡಲಿಲ್ಲ.

ಒಳಗೆ ನಡೆದದ್ದೇ ಬೇರೆ. ಲಯನೆಲ್ ಇಳಿಜಾರಿನಲ್ಲಿ ಗೋಡೆ ತಬ್ಬಿಕೊಂಡು ಇಳಿಯುತ್ತಿದ್ದ. ಮೇಜು ನೆಲಕ್ಕೆ ಬಿಗಿದದ್ದು, ಹಾಗೇ ಇತ್ತು. ಮೇಜಿನ ಮೇಲೆ, ರಬ್ಬರಿನ ಹಾಸಿನ ಮೇಲೆ, ದಿಂಬುಗಳ ನಡುವೆ, ಏವ್ರಿಲ್ ಇಟ್ಟ ಜಾಗದಲ್ಲೇ ಪೆಟ್ಟಿಗೆ ಕೂತಿತ್ತು! ಒಂದು ಬೆರಳಷ್ಟೂ ಜಾರಿರಲಿಲ್ಲ! ಲಯನೆಲ್‌ನ ಕಣ್ಣಲ್ಲಿ ನೀರು ಬಂತು. “ಬದುಕಿದೆ! ದೇವರೇ, ಬದುಕಿದೆ!” ಎಂದು ಎರಡೂ ಕೈ ಚಾಚಿ ಪೆಟ್ಟಿಗೆಯನ್ನು ತಬ್ಬಿಕೊಂಡ.

ಆಗ ಅವನ ಬೆನ್ನ ಹಿಂದೆ ಅಡುಗೆಕಟ್ಟೆಯ ಮೇಲಿಂದ, ನೆನೆ ಹಾಕಿದ ಪಾತ್ರೆಗಳ ಬೋಗುಣಿ ಹೊರಟಿತು.

ಮೊದಲು ಬಂದದ್ದು ಒಂದು ಫೋರ್ಕು. ಅದು ಅವನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಆಮೇಲೆ ತಟ್ಟೆ. ಕೊನೆಗೆ ಸೋಪಿನ ನೀರು, ಇಡೀ ಬೋಗುಣಿ, ಒಂದೇ ಅಲೆಯಾಗಿ ಅವನ ತಲೆಯ ಮೇಲೂ ಪೆಟ್ಟಿಗೆಯ ಮೇಲೂ ಸುರಿಯಿತು. ಲಯನೆಲ್ ಕಣ್ಣೊರೆಸಿಕೊಂಡ. ಪೆಟ್ಟಿಗೆ ಸ್ವಲ್ಪ ಒದ್ದೆಯಾಗಿತ್ತು, ಅಷ್ಟೇ. ಕೇಕಿಗೆ ಇನ್ನೂ ಏನೂ ಆಗಿರಲಿಲ್ಲ. ಪೆಟ್ಟಿಗೆಯೊಳಗಿಂದ ಅಲ್ಲ, ಅದರ ಸುತ್ತ ಬಿಗಿದಿದ್ದ ಜಾಕೆಟ್ಟಿನೊಳಗಿಂದ ‘ಟಿಕ್’ ಎಂದು ಸಣ್ಣ ಸದ್ದು ಕೇಳಿಸಿತು.

“ಬೇಡ,” ಎಂದ ಲಯನೆಲ್. “ಬೇಡ, ಬೇಡ, ಬೇಡ!”

ಢಮ್ಮ್!

ಹಳದಿ ಬಣ್ಣದ ಆ ಭೂತ ಉಬ್ಬಿತು. ಹೊರಗಡೆ ಉಬ್ಬಲು ಪಟ್ಟಿಗಳು ಬಿಡಲಿಲ್ಲ, ಲಯನೆಲ್ ಕೈಯಾರೆ ಅಷ್ಟು ಬಿಗಿಯಾಗಿ ಎಳೆದಿದ್ದ. ಆದ್ದರಿಂದ ಅದು ಒಳಗಡೆಗೆ ಉಬ್ಬಿತು. ರಟ್ಟು ಲೊಟಲೊಟನೆ ಮುರಿಯಿತು. ಮೇಲಿನ ಅಂತಸ್ತು ನಡುವಿನದರೊಳಗೆ, ನಡುವಿನದು ಕೆಳಗಿನದರೊಳಗೆ ಇಳಿಯಿತು. ಪೆಟ್ಟಿಗೆಯ ಮುಚ್ಚಳ ಹಾರಿ, ಬ್ರಾಂದಿಯ ಘಮಘಮದೊಂದಿಗೆ ಒಂದು ಸಕ್ಕರೆಯ ಗುಲಾಬಿ ಬಂದು ಅವನ ಹಣೆಗೆ ಅಂಟಿತು. ಏವ್ರಿಲ್‌ಳ ಇಷ್ಟು ತಿಂಗಳ ತಪಸ್ಸು ಮಗಳ ಮದುವೆಯ ಮುನ್ನಾದಿನ ಚಿತ್ರಾನ್ನವಾಗಿತ್ತು.

ಹೊಸ್ತಿಲಿನಿಂದ ದೋಣಿ ಮೆಲ್ಲಗೆ ತೇಲಿ ಸಮನಾಯಿತು. ಆ ಪೆಟ್ಟಿಗೆಯನ್ನು ಎತ್ತಿಕೊಂಡು ಲಯನೆಲ್ ಹೊರಗೆ ಬಂದ. ಜನ ದಾರಿ ಬಿಟ್ಟರು. ಏವ್ರಿಲ್ ಬಾಗಿಲಿನ ತೊಲೆಯ ಮೇಲೆ ಬೆನ್ನು ಹಾಕಿ ಕೂತಿದ್ದಳು. ಹೆಗಲು ಅದುರುತ್ತಿತ್ತು. ಅಳುತ್ತಿದ್ದಳು. ಅವಳು ಅತ್ತದ್ದನ್ನು ಅವನು ನೋಡಿದ್ದೇ ಕಡಿಮೆ.

“ಏವ್ರಿಲ್,” ಎಂದ. “ಕೇಕು…”

ಅವಳು ತಿರುಗಿ ಅವನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಪೆಟ್ಟಿಗೆಯ ಕಡೆ ನೋಡಲೇ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ!

ನಾಯಿಯ ಹೆಂಗಸು ಹತ್ತಿರ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. “ಎಷ್ಟಾದರೂ ತಿನ್ನೋ ಪದಾರ್ಥ,” ಎನ್ನುತ್ತ ಒಂದು ಚೂರು ಬಾಯಿಗೆ ಹಾಕಿಕೊಂಡು, “ರುಚಿ ಇದೆ. ಸ್ವಲ್ಪ ತಳ ಹಿಡಿದಿದೆ, ಅಲ್ವಾ?” ಎಂದಳು.

“ತಳ ಹಿಡಿದಿದೆಯೇ!” ಲಯನೆಲ್ ಗುಡುಗಿದ. ದುಃಖಕ್ಕೆ ಒಂದು ದಾರಿ ಸಿಕ್ಕಿತ್ತು. “ನನ್ನ ಹೆಂಡತಿ ಜನ್ಮದಲ್ಲಿ ಒಂದು ಕೇಕಿನ ತಳ ಹಿಡಿಸಿದವಳಲ್ಲ ಮೇಡಂ! ಸತ್ತವರ ಬಗ್ಗೆ ಹಾಗೆಲ್ಲ ಮಾತಾಡಬೇಡಿ!”

ಏವ್ರಿಲ್ ಮೂಗು ಒರೆಸಿಕೊಂಡು ಆಕಾಶ ನೋಡಿದಳು.

ಹಿಂದೆ ಸಾಲಾಗಿ ನಿಂತಿದ್ದ ದೋಣಿಗಳಿಂದ, “ಪ್ರವಚನ ಮುಗೀತಾ ಗುರುಗಳೇ? ನಾವೂ ಕೆಳಗೆ ಹೋಗ್ಬೇಕು!” ಎಂಬ ಕೂಗು ಬಂತು. ಉಳಿದ ಲಾಕುಗಳಲ್ಲಿ ಏವ್ರಿಲ್ ಚುಕ್ಕಾಣಿ ಹಿಡಿದಳು. ಲಯನೆಲ್ ದಡದಲ್ಲಿ ನಡೆಯುತ್ತ ತೂಬು ಎತ್ತಿದ, ಬಾಗಿಲು ತಳ್ಳಿದ. ಅವಳು, “ಹಿಂದಿನ ಹಗ್ಗ ಎಸಿ,” ಅಂದಾಗ ಮರುಮಾತಿಲ್ಲದೆ ಹಗ್ಗ ಎಸೆದ.

ಕೆಳಗೆ ದೋಣಿ ಕಟ್ಟಿಹಾಕಿದ ಮೇಲೆ ಏವ್ರಿಲ್, “ಆ ಪೆಟ್ಟಿಗೆ ಇಲ್ಲೇ ಬಿಟ್ಟು ಬಾ,” ಎಂದಳು.

“ಇಲ್ಲ. ಫೋನಿನಲ್ಲಿ ಹೇಳೋ ಸುದ್ದಿಯಲ್ಲ ಇದು. ನಾನೇ ಹೊತ್ತುಕೊಂಡು ಹೋಗಿ ರೋವೆನಾ ಮುಂದೆ ಇಟ್ಟು ಹೇಳ್ತೀನಿ. ಶಿಕ್ಷೆ ಏನಿದ್ರೂ ಅನುಭವಿಸ್ತೀನಿ.”

“ಲಯನೆಲ್, ನನ್ನ ಮಾತು ಕೇಳು, ಒಂದು ವಿಷಯ ಹೇಳ್ಬೇಕು…”

“ಏನೂ ಹೇಳ್ಬೇಡ! ನೀನು ಸಮಾಧಾನ ಮಾಡಿದಷ್ಟೂ ನನ್ನ ಕರುಳು ಹಿಂಡುತ್ತೆ!”

ಏವ್ರಿಲ್ ಬಾಯಿ ಮುಚ್ಚಿಕೊಂಡಳು. ಗಂಡ ಬೇಡವೆಂದ ಮೇಲೆ ಮುಗಿಯಿತು.

ಮೆರವಣಿಗೆ ಹೊರಟಿತು. ಮುಂದೆ ಲಯನೆಲ್, ಶವಪೆಟ್ಟಿಗೆ ಹೊತ್ತವನ ಹೆಜ್ಜೆ. ಹಿಂದೆ ಏವ್ರಿಲ್. ನಡುವೆ ಅವನ ಸ್ವಗತ. ಹುಟ್ಟಿದಾಗ ರೋವೆನಾ ಎಷ್ಟು ಚಿಕ್ಕವಳಿದ್ದಳು! ಬೇರೆ ಹುಡುಗಿಯರಿಗೆ ಸೈಕಲ್ಲು ಕಲಿಸುವ ಅಪ್ಪಂದಿರಿದ್ದರು. ಇವಳಿಗೆ ಇವನು ಎರಡು ಹೆಲ್ಮೆಟ್ಟು ಹಾಕಿ, ಕೊನೆಗೆ ಸೈಕಲ್ಲೇ ಬೇಡ ಅಂದಿದ್ದ. ಒಂದು ಸಲವಾದರೂ ಅವಳಿಗೆ ಬೇಕಾದದ್ದನ್ನು ಪೆಟ್ಟಿಲ್ಲದೆ ತಲುಪಿಸಬೇಕು ಅಂದುಕೊಂಡಿದ್ದ, ಅದಕ್ಕೇ ಕೇಕಿಗೆ ಅಷ್ಟು ಹಟ ಹಿಡಿದದ್ದು. ಈಗ ನಾಳೆ ಎಲ್ಲರೆದುರು ಅವಳು ಚಾಕು ಹಿಡಿದು ಖಾಲಿ ಮೇಜಿನ ಮುಂದೆ ನಿಲ್ಲಬೇಕು. ಇದನ್ನೆಲ್ಲ ಅವನು ಗಟ್ಟಿಯಾಗಿಯೇ ಹೇಳುತ್ತಿದ್ದ. ಎದುರು ಬಂದ ಪಾದ್ರಿ ಟೋಪಿ ತೆಗೆದು, ಸತ್ತವರು ಯಾರೆಂದು ಕೇಳದೆ, ದುಃಖದಿಂದ ತಲೆದೂಗಿ ಹೋದ.

ಹಾಲಿನ ಬಾಗಿಲು ತೆರೆದಿತ್ತು. ಲಯನೆಲ್ ಉಸಿರು ಎಳೆದುಕೊಂಡು ಒಳಗೆ ಕಾಲಿಟ್ಟ. “ರೋವೆನಾ, ಕೂತ್ಕೋ ಮಗಳೇ. ನಿನ್ನಪ್ಪ ನಿನಗೆ ದೊಡ್ಡ ಅನ್ಯಾಯ…”

ಹಾಲಿನ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು. ಮೇಜಿನ ಮೇಲೆ ಕೇಕು. ಮೂರು ಅಂತಸ್ತು. ಬಿಳಿ ಸಕ್ಕರೆಯ ಕವಚ. ಅಂಚಿನಲ್ಲೆಲ್ಲ ಗುಲಾಬಿ. ಒಂದು ಎಸಳೂ ಮುಕ್ಕಾಗಿರಲಿಲ್ಲ.

ಲಯನೆಲ್ ಕೈಯಲ್ಲಿದ್ದ ಪೆಟ್ಟಿಗೆ ನೋಡಿದ. ಮೇಜು ನೋಡಿದ. ಮತ್ತೆ ಪೆಟ್ಟಿಗೆ ನೋಡಿದ.

ರೋವೆನಾ ಏಣಿಯ ಮೇಲೆ ನಿಂತು ಬಣ್ಣದ ಕಾಗದ ಕಟ್ಟುತ್ತಿದ್ದಳು. ಅಪ್ಪನ ಹಣೆ ನೋಡಿದಳು, ಒದ್ದೆ ಅಂಗಿ ನೋಡಿದಳು, ಉಬ್ಬಿದ ಜಾಕೆಟ್ಟು ನೋಡಿದಳು. ಗಾಬರಿಯಾಗಲಿಲ್ಲ.

“ಯಾವ ಲಾಕಿನಲ್ಲಿ ಅಪ್ಪಾ?”

“ಪ… ಪಬ್ಬಿನ ಪಕ್ಕದ್ದು.”

“ಗೆದ್ದೆ!” ಮೂಲೆಯಲ್ಲಿ ಕುರ್ಚಿ ಒರೆಸುತ್ತಿದ್ದ ಮದುಮಗ ಡಂಕನ್ ಬಟ್ಟೆ ಮೇಲಕ್ಕೆಸೆದ. “ಜನ ಸೇರಿರೋ ಕಡೆಯೇ ಆಗೋದು ಅಂತ ನಾನು ಹೇಳಿದ್ನಲ್ಲ! ಥೆಲ್ಮಾ ಆಂಟಿ ನಂಗೆ ಒಂದು ಬಿಯರ್ ಕೊಡಿಸ್ಬೇಕು!”

“ಅಷ್ಟು ದೂರ ಬರ್ತಾನೆ ಅಂತ ಯಾರಿಗಪ್ಪಾ ಗೊತ್ತು,” ಎಂದು ಥೆಲ್ಮಾ ಒಳಗಿನಿಂದ ಗೊಣಗಿದಳು. “ನಾನು ಮೊದಲನೇ ಲಾಕೇ ಅಂದ್ಕೊಂಡಿದ್ದೆ. ಭಾವ ಸುಧಾರಿಸಿದಾನೆ.”

ಲಯನೆಲ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಇಡೀ ಕುಟುಂಬಕ್ಕೆ ಗೊತ್ತು. ಮದುಮಗನಿಗೂ ಗೊತ್ತು! ಕೇಕು ಹೋದ ವಾರವೇ ಥೆಲ್ಮಾಳ ಕಾರಿನಲ್ಲಿ, ಗುಂಡಿ, ಉಬ್ಬು, ತಿರುವುಗಳನ್ನೆಲ್ಲ ದಾಟಿ, ಬಂದು ಕೂತಿದೆ! ಅವನು ಹೆಂಡತಿಯ ಕಡೆ ತಿರುಗಿದ.

“ಹಾಗಾದ್ರೆ ಇದು?”

“ಅದು ಮೊದಲು ಮಾಡಿದ್ದು,” ಎಂದಳು ಏವ್ರಿಲ್. “ದೋಣಿಯ ಒಲೆ ನಿಂಗೆ ಗೊತ್ತಲ್ಲ. ತಳ ಹಿಡೀತು. ಥೆಲ್ಮಾ ಮನೇಲಿ ಇನ್ನೊಂದು ಮಾಡಿ, ಅಲ್ಲೇ ಸಕ್ಕರೆ ಬಳಿದೆ. ಇದಕ್ಕೂ ಬಳಿದೆ. ಮೇಲೆ ಸಕ್ಕರೆ ಬಿದ್ರೆ ತಳ ಯಾರಿಗೆ ಕಾಣುತ್ತೆ?”

“ನನಗೆ ಯಾಕೆ ಹೇಳ್ಲಿಲ್ಲ?”

“ಕೇಕು ನನ್ನ ಜವಾಬ್ದಾರಿ ಅಂತ ಎದೆ ತಟ್ಕೊಂಡೆ. ಆ ಮುಖ ನೋಡಿ ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಈಗ ದಾರೀಲಿ ಹೇಳೋಕೆ ಬಂದೆ, ಕರುಳು ಹಿಂಡುತ್ತೆ ಅಂದೆ.”

ಲಯನೆಲ್ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು, ಒಂದು ಕುರ್ಚಿ ಎಳೆದುಕೊಂಡು ಕುಸಿದ. ಸ್ವಲ್ಪ ಹೊತ್ತಾದ ಮೇಲೆ ಒಂದು ಅನುಮಾನ ಅವನ ತಲೆಯೊಳಗೆ ಎದ್ದಿತು. ಸುರಕ್ಷತಾ ಅಧಿಕಾರಿಯ ಕಣ್ಣಿಗೆ ಕೊನೆಗೂ ಏನೋ ತಪ್ಪು ಕಂಡಿತ್ತು. ತಲೆ ಎತ್ತಿ, ಸ್ವಲ್ಪ ಗೆಲುವಿನಿಂದಲೇ ಕೇಳಿದ:

“ತಾಳು, ತಾಳು! ಇನ್ನೊಂದು ಕೇಕು ಇಲ್ಲಿ ಇದೆ ಅಂತ ಗೊತ್ತಿದ್ಮೇಲೆ, ಅಲ್ಲಿ ಲಾಕಿನ ಹತ್ರ ಯಾಕೆ ಹಾಗೆ ಅಳ್ತಾ ಕೂತಿದ್ದೆ?”

ಏವ್ರಿಲ್ ಕೈಚೀಲದಿಂದ ಕರವಸ್ತ್ರ ತೆಗೆದು, ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ, ಅವನ ಹಣೆಯನ್ನು ಗಟ್ಟಿಯಾಗಿ ಉಜ್ಜತೊಡಗಿದಳು.

“ಕೇಕಾದ್ರೆ ಎರಡು ಮಾಡಿದ್ದೆ ಕಣೋ ಪೆದ್ದ. ಗಂಡ ಇರೋದು ಒಬ್ಬನೇ. ಅವನದ್ದೂ ತಳ ಹಿಡಿದಿದೆ ನಿಜ, ಆದ್ರೆ ಇನ್ನೊಂದು ಮಾಡಿಟ್ಟಿರ್ಲಿಲ್ಲ.”